ಬರಾವಾ ಬಂದರಿನ ಕದನ, 1507

ಕೂಟದ ಸ್ಥಾಪನಾ ವಾರ್ಷಿಕೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ವೈದ್ಯರಾದ ನಮ್ಮಿಂದ ಅವರು ನಿರೀಕ್ಷಿಸಿದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಾಲ್ಕು ಹಿತವಚನಗಳನ್ನಿರಬೇಕು. ಅಂಥ ಹಿತವಚನಗಳನ್ನು ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಕೊಟ್ಟಾಗಿದೆ. ಓದಿದವರಲ್ಲಿ ಯುಗಾದಿ ಊಟದ ದಿನ ಎರಡನೆಯ ಹೋಳಿಗೆ ಬೇಡ ಎಂದವರನ್ನು ನಾವಂತೂ ಕಂಡಿಲ್ಲ. ಆದ್ದರಿಂದ ಈ ಬಾರಿ ಔಷಧಿಯನ್ನು ಬದಿಗಿಟ್ಟು ಇತಿಹಾಸಕ್ಕೆ ಕೈ ಹಾಕಿದ್ದೇವೆ. ಎಂಬಿಬಿಎಸ್ ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿಯ ಗಾಣ ಎಳೆದ ನಮಗೆ ಇತಿಹಾಸದ ಶಾಸ್ತ್ರೀಯ ಅಭ್ಯಾಸವಿಲ್ಲ. ಈ ಕುತೂಹಲ ಹುಟ್ಟಿದ್ದು ಒಬ್ಬ ರೋಗಿಯಿಂದ. ಹೆಸರು ಹೇಳಬಾರದು, ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಜನವರಿಯ ಒಂದು ರಾತ್ರಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಕರೆತಂದರು. ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಕೈ ಊದಿಕೊಳ್ಳುತ್ತಿತ್ತು. ಆ ಕೈಯಲ್ಲಿ ಒಂದು ಚಿನ್ನದ ಬಳೆ. ಇಂಥ ಹೊತ್ತಿನಲ್ಲಿ ಬಳೆ ತೆಗೆಯದಿದ್ದರೆ ರಕ್ತ ಸಂಚಾರ ನಿಂತು ಕೈಗೇ ಅಪಾಯ. ಸೋಪು ಹಚ್ಚಿ ನೋಡಿದೆವು, ಬರಲಿಲ್ಲ. ಕತ್ತರಿಸುವುದೊಂದೇ ದಾರಿ.

ಕಾಗದದಲ್ಲಿ ಸೋಮಾಲಿಯಾ ಎಂದು ಬರೆದಿತ್ತು. ನಮ್ಮ ಕೊಲಂಬಸ್ ನಗರದಲ್ಲಿ ಸೋಮಾಲಿಯಾದವರು ಸಾವಿರಗಟ್ಟಲೆ ಇದ್ದಾರೆ, ಆಸ್ಪತ್ರೆಗೆ ಇದು ಹೊಸತಲ್ಲ. ಫೋನಿನಲ್ಲಿ ಸೋಮಾಲಿ ದುಭಾಷಿಯನ್ನು ಹಿಡಿದೆವು. ಅಜ್ಜಿ ತಲೆ ಅಲ್ಲಾಡಿಸಿದರು. ಜೊತೆಗಿದ್ದ ಮೊಮ್ಮಗಳು ಹೇಳಿದಳು: "ಅಜ್ಜಿಗೆ ಸೋಮಾಲಿ ಬರುತ್ತದೆ ಡಾಕ್ಟರ್, ಆದರೆ ನೋವಾದಾಗ ಅವರ ಸ್ವಂತ ಮಾತೇ ಬರುವುದು. ನಾವು ಬರಾವಾದವರು." ನಮ್ಮ ಕೂಟದ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದಾಗಲೆಲ್ಲ, ಭಾರತದವರು ತಾನೆ ಎಂದು ಹಿಂದಿ ದುಭಾಷಿಯನ್ನು ಕರೆಸುವುದನ್ನು ನಾವು ಎಷ್ಟು ಸಲ ನೋಡಿಲ್ಲ! ನಾಚಿಕೆಯಾಯಿತು. ಮೊಮ್ಮಗಳ ಬಾಯಿಂದ ಅಪ್ಪಣೆ ಪಡೆದು ಬಳೆ ಕತ್ತರಿಸಿದೆವು. ಎರಡು ತುಂಡುಗಳನ್ನು ಲಕೋಟೆಯಲ್ಲಿ ಹಾಕಿ ಅಜ್ಜಿಯ ಇನ್ನೊಂದು ಕೈಗೆ ಕೊಟ್ಟೆವು. ಅವರು ಲಕೋಟೆಯನ್ನು ಬಿಗಿಯಾಗಿ ಹಿಡಿದುಕೊಂಡರು.

ಬರಾವಾ ಎಲ್ಲಿದೆ ಎಂದು ನಮಗೆ ಗೊತ್ತಿರಲಿಲ್ಲ. ಆ ವಾರಾಂತ್ಯ ಗ್ರಂಥಾಲಯಕ್ಕೆ ಹೋದೆವು. ಅಲ್ಲಿ ಓದಿದ್ದು ನಮ್ಮನ್ನು ಸೀದಾ ತಂದು ನಿಲ್ಲಿಸಿದ್ದು ನಾವು ಹುಟ್ಟಿ ಬೆಳೆದ ಹೊನ್ನಾವರದ ಶರಾವತಿ ಅಳಿವೆಯಲ್ಲಿ. ಹೇಗೆಂದು ಮುಂದೆ ಹೇಳುತ್ತೇವೆ.

ಒಂದೇ ಗಾಳಿ, ಎರಡು ದಡ

ಆಫ್ರಿಕಾದ ಪೂರ್ವ ತೀರದಲ್ಲಿ ಸಮಭಾಜಕ ರೇಖೆಗಿಂತ ಸ್ವಲ್ಪವೇ ಮೇಲೆ, ಮೊಗದಿಶುವಿನಿಂದ ತೆಂಕಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಬರಾವಾ ಇದೆ. ಮೊಗದಿಶು, ಮೆರ್ಕಾ, ಬರಾವಾ ಈ ಮೂರೂ ಬೆನಾದಿರ್ ಕರಾವಳಿಯ ಹಳೆಯ ಬಂದರುಗಳು. ಊರಿನ ಹಿಂದೆ ಸ್ವಲ್ಪ ಒಳಗೆ ಶೆಬೆಲ್ಲೆ ನದಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಸಾಮಾನ್ಯವಾಗಿ ಕಡಲನ್ನು ಸೇರದೆ ಜೌಗಿನಲ್ಲೇ ಇಂಗಿಹೋಗುವ ವಿಚಿತ್ರ ನದಿ ಅದು. ಒಳನಾಡಿನಿಂದ ಬರುವ ದಂತ, ಮೇಣ, ತೊಗಲು, ಧಾನ್ಯ ಈ ಬಂದರುಗಳಿಗೆ ಇಳಿಯುತ್ತಿದ್ದವು. ಗುಜರಾತಿನ ಖಂಭಾತದಿಂದ ಬಟ್ಟೆ, ಮಸಾಲೆ ಬರುತ್ತಿದ್ದವು.

ಬರುತ್ತಿದ್ದದ್ದು ಗಾಳಿಯ ಮೇಲೆ. ನಮ್ಮ ಕರಾವಳಿಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಹಡಗುಗಳನ್ನು ಭಾರತದಿಂದ ಆಫ್ರಿಕಾಕ್ಕೆ ಒಯ್ಯುತ್ತದೆ. ಬೇಸಿಗೆ ತಿರುಗಿದಾಗ ಗಾಳಿಯೂ ತಿರುಗಿ ನೈಋತ್ಯದಿಂದ ಬೀಸುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಘಟ್ಟಕ್ಕೆ ಬಡಿದು ಮಳೆ ಸುರಿಸುವ ಮುಂಗಾರು ಅದೇ. ಹವಾಮಾನ ಶಾಸ್ತ್ರಜ್ಞರು ಅದಕ್ಕೆ ಸೋಮಾಲಿ ಜೆಟ್ ಎಂದೇ ಹೆಸರಿಟ್ಟಿದ್ದಾರೆ, ಏಕೆಂದರೆ ಅದು ಸೋಮಾಲಿ ಕರಾವಳಿಯನ್ನು ಒತ್ತಿಕೊಂಡು ಬಂದು ಕಡಲಿನ ಮೇಲೆ ಬಲಕ್ಕೆ ತಿರುಗುತ್ತದೆ. ಹೊನ್ನಾವರದಲ್ಲಿ ಮಚವೆಗಳನ್ನು ದಡಕ್ಕೆಳೆದು ಮಡಲು ಮುಚ್ಚುತ್ತಿದ್ದ ಅದೇ ಕಾಲದಲ್ಲಿ ಬರಾವಾದವರೂ ಕಡಲಿಗಿಳಿಯದೆ ಕೂತಿರುತ್ತಿದ್ದರು.

1331ರಲ್ಲಿ ಮೊಗದಿಶುವಿಗೆ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾನಿಗೆ ಅಲ್ಲಿ ಮೊದಲು ಕೊಟ್ಟದ್ದು ಏನು ಗೊತ್ತೆ? ವೀಳ್ಯದೆಲೆ ಮತ್ತು ಅಡಿಕೆ! ಆಮೇಲೆ ತುಪ್ಪದಲ್ಲಿ ಬೇಯಿಸಿದ ಅನ್ನ, ನಿಂಬೆಯ ಉಪ್ಪಿನಕಾಯಿ, ಹಸಿ ಶುಂಠಿ, ಮಾವು. ಉತ್ತರ ಕನ್ನಡದ ಮನೆಗೆ ಬಂದ ನೆಂಟನಿಗೆ ಇದಕ್ಕಿಂತ ಬೇರೆ ಏನು ಕೊಡುತ್ತಿದ್ದೆವು? ಅದೇ ಯಾತ್ರಿಕ ಮುಂದೆ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳ ಶಾಲೆಗಳು 13 ಇದ್ದುವೆಂದು ಬೆರಗಿನಿಂದ ಬರೆದಿಟ್ಟ.

ಬರಾವಾಕ್ಕೆ ರಾಜನಿರಲಿಲ್ಲ. ಊರಿನ ಹಿರಿಯರೇ ಕೂಡಿ ಆಳುತ್ತಿದ್ದರು. ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಸುಮಾರು 1516ರಲ್ಲಿ ಬರೆದ ಗ್ರಂಥದಲ್ಲಿ, ಇದು ಗೋಡೆ ಕಟ್ಟಿದ, ಸುಣ್ಣಗಾರೆಯ ಒಳ್ಳೆಯ ಮನೆಗಳಿರುವ, ಹಿರಿಯರು ಆಳುವ ಊರು ಎಂದು ಹೇಳಿ, ಒಡನೆಯೇ ಅದನ್ನು ತನ್ನವರು ಹಾಳುಮಾಡಿದ ಸಂಗತಿಯನ್ನೂ ಹೇಳುತ್ತಾನೆ. ಭಟ್ಕಳ, ವಿಜಯನಗರಗಳನ್ನು ವರ್ಣಿಸಿದ ಬಾರ್ಬೋಸಾ ಇವನೇ.

ಕಪ್ಪದ ಕತೆ

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹಳೆಯ ಲೆಕ್ಕದಲ್ಲಿ ಕಡಲು ಯಾರೊಬ್ಬರದ್ದೂ ಆಗಿರಲಿಲ್ಲ. ಬಂದರಿನಲ್ಲಿ ಸುಂಕ ಕೊಟ್ಟವರು ವ್ಯಾಪಾರ ಮಾಡುತ್ತಿದ್ದರು. ಹೊಸಬರು ಫಿರಂಗಿ ಹೊತ್ತ ಹಡಗು ತಂದು, ಕಡಲೇ ತಮ್ಮದೆಂದೂ, ಅದರಲ್ಲಿ ಓಡಾಡಲು ತಮ್ಮ ಪರವಾನಗಿ ಬೇಕೆಂದೂ ಸಾರಿದರು. ಬಂದರುಗಳು ಲಿಸ್ಬನ್ನಿನ ದೊರೆಗೆ ಕಪ್ಪ ಕೊಡಬೇಕು, ಇಲ್ಲವೆ ಸುಟ್ಟುಹೋಗಬೇಕು.

1502ರಲ್ಲಿ ಗಾಮಾ ಎರಡನೆಯ ಸಲ ಬಂದಾಗ ಹೊನ್ನಾವರ, ಭಟ್ಕಳಗಳ ಮೇಲೆ ಬಿದ್ದ. ಭಟ್ಕಳದವರು ವರ್ಷ ವರ್ಷ ಅಕ್ಕಿ ಕೊಡಲು ಒಪ್ಪಿ ಊರು ಉಳಿಸಿಕೊಂಡರು. ಮರುವರ್ಷ ಆಚೆ ದಡದಲ್ಲಿ ಅದೇ ಆಟ. ರುಯಿ ಲೊರೆನ್ಸೊ ರವಾಸ್ಕೊ ಎಂಬ ಕಪ್ತಾನ ಮೊಂಬಾಸಾದ ಬಳಿ ಹಡಗುಗಳನ್ನು ಹಿಡಿದಾಗ ಅವುಗಳಲ್ಲಿ ಬರಾವಾದ ಹಿರಿಯರಿದ್ದರು. ಬಿಡುಗಡೆಗಾಗಿ ಅವರು ಊರಿನ ಪರವಾಗಿ ವರ್ಷಕ್ಕೆ 500 ಮಿತ್ಕಾಲ್ ಚಿನ್ನ ಕೊಡಲು ಒಪ್ಪಿದರು. ಅದು ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಕಿಲೋ. ಕತ್ತಿನ ಮೇಲೆ ಕತ್ತಿಯಿಟ್ಟು ಬರೆಸಿಕೊಂಡ ಪತ್ರಕ್ಕೆ ಊರಿನವರು ಎಷ್ಟು ಬೆಲೆ ಕೊಟ್ಟಾರು?

1507ರ ಆ ಬೆಳಗು

1506ರ ಏಪ್ರಿಲ್ ತಿಂಗಳಲ್ಲಿ ಲಿಸ್ಬನ್ನಿನಿಂದ ದೊಡ್ಡ ನೌಕಾಪಡೆಯೊಂದು ಹೊರಟಿತು. ಅದರ ಮುಖ್ಯಸ್ಥ ತ್ರಿಸ್ತಾವ್ ದ ಕುನ್ಯಾ. ಅವನ ಕೈಕೆಳಗೆ ಒಂದು ತಂಡದ ನಾಯಕನಾಗಿದ್ದವನು, ಆಗಿನ್ನೂ ಹೆಚ್ಚು ಹೆಸರು ಮಾಡಿರದ ಅಫೊನ್ಸೊ ದೆ ಆಲ್ಬುಕರ್ಕ್. ಕೆಂಪು ಸಮುದ್ರದ ಬಾಯಿಯನ್ನು ಕಾಯುವ ಸೊಕೋತ್ರಾ ದ್ವೀಪವನ್ನು ಹಿಡಿದು, ಅರಬರ ಮೆಣಸಿನ ವ್ಯಾಪಾರದ ಕತ್ತು ಹಿಸುಕುವುದು ಈ ಯಾತ್ರೆಯ ಗುರಿ. ದಾರಿಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಕಂಡ ದ್ವೀಪಗಳಿಗೆ ಇಂದಿಗೂ ದ ಕುನ್ಯಾನ ಹೆಸರೇ ಇದೆ.

ಮಡಗಾಸ್ಕರಿನ ಸುತ್ತ ತಿಂಗಳುಗಳನ್ನು ಕಳೆದು, 1507ರ ಮೊದಲ ತಿಂಗಳುಗಳಲ್ಲಿ ಪಡೆ ಆಫ್ರಿಕಾದ ತೀರದುದ್ದಕ್ಕೂ ಬಡಗಣಕ್ಕೆ ಸಾಗಿತು. ಮಾಲಿಂದಿಯ ದೊರೆ ಪೋರ್ಚುಗೀಸರ ಗೆಳೆಯ. ಅವನ ಮಾತಿನಂತೆ ಅವನ ಹಗೆಯೂರಾದ ಓಜಾವನ್ನು ಸುಟ್ಟರು. ಆ ಹೊಗೆ ಕಂಡ ಲಾಮು ಹೋರಾಡದೆ ಕಪ್ಪ ಒಪ್ಪಿಸಿತು. ಮುಂದಿನ ಊರು ಬರಾವಾ.

ಬರಾವಾದವರು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ದೂತರು ಬಂದರು, ಹೋದರು. ಮಾತುಕತೆ ಎಳೆಯುತ್ತಲೇ ಇತ್ತು. ಇತ್ತ ದಡದ ಮೇಲೆ ಸಾವಿರಾರು ಮಂದಿ ಆಯುಧ ಹಿಡಿದು ಓಡಾಡುತ್ತಿದ್ದರು. ಸಂದೇಹ ಬಂದು ಪೋರ್ಚುಗೀಸರು ದೂತನೊಬ್ಬನನ್ನು ಬೆದರಿಸಿ ಬಾಯಿ ಬಿಡಿಸಿದಾಗ ಗುಟ್ಟು ಹೊರಬಿತ್ತು. ಊರಿನವರು ಕಾಯುತ್ತಿದ್ದದ್ದು ಗಾಳಿಗಾಗಿ! ಇನ್ನು ಕೆಲವೇ ದಿನ ತಳ್ಳಿದರೆ ಗಾಳಿ ತಿರುಗುತ್ತದೆ. ಮರೆಯಿಲ್ಲದ ಆ ತೀರದಲ್ಲಿ ಲಂಗರು ಹಾಕಿದ ಹಡಗುಗಳು ದಡಕ್ಕೆ ಬಡಿದು ಪುಡಿಯಾಗುತ್ತವೆ. ಫಿರಂಗಿಯಿಲ್ಲದ ಊರು ತನ್ನಲ್ಲಿದ್ದ ಒಂದೇ ಆಯುಧವನ್ನು ನೆಚ್ಚಿತ್ತು. ನಮ್ಮ ಮುಂಗಾರೇ ಆ ಆಯುಧ.

ಗುಟ್ಟು ಒಡೆದ ಮೇಲೆ ತಡವಾಗಲಿಲ್ಲ. ಬೆಳಗಿನ ಜಾವ ಪೋರ್ಚುಗೀಸರು ಎರಡು ಗುಂಪಾಗಿ ದೋಣಿಗಳಲ್ಲಿ ದಡಕ್ಕಿಳಿದರು. ಒಂದರ ಮುಂದೆ ಆಲ್ಬುಕರ್ಕ್, ಇನ್ನೊಂದರ ಮುಂದೆ ದ ಕುನ್ಯಾ. ಊರಿನವರು ಗೋಡೆಯಾಚೆ ಬಂದು ಮರಳಿನ ಮೇಲೆಯೇ ಎದುರಿಸಿದರು. ಹಿಂದೆ ಸರಿದು ಗೋಡೆಯ ಮೇಲಿಂದ ಹೋರಾಡಿದರು. ಗೋಡೆ ಕೈಬಿಟ್ಟ ಮೇಲೆ ಬೀದಿ ಬೀದಿಗಳಲ್ಲಿ ಹೋರಾಡಿದರು. ಪೋರ್ಚುಗೀಸರ ಕಡೆ ಸುಮಾರು 40 ಮಂದಿ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು. ಕಬ್ಬಿಣದ ಕವಚ, ಬಂದೂಕುಗಳಿದ್ದ ಪಡೆಗೆ ಇದು ಅಲ್ಪ ನಷ್ಟವಲ್ಲ. ದ ಕುನ್ಯಾನಿಗೂ ಗಾಯವಾಯಿತು. ಗಾಯವಾದ ಜಾಗದಲ್ಲಿಯೇ ಅವನು ಆಲ್ಬುಕರ್ಕನ ಕೈಯಿಂದ ನೈಟ್ ಪದವಿಯ ದೀಕ್ಷೆ ಪಡೆದನೆಂದು ಅವರ ವೃತ್ತಾಂತಗಳು ಹೆಮ್ಮೆಯಿಂದ ಹೇಳುತ್ತವೆ.

ಆಮೇಲೆ ಕೊಳ್ಳೆ. ಚಿನ್ನ, ಬೆಳ್ಳಿ, ಬಟ್ಟೆ ಹಡಗು ತುಂಬಿತು. ಸೆರೆಸಿಕ್ಕವರೂ ಬಹಳ. ಹೆಂಗಸರ ಕೈಗಳಲ್ಲಿ ಬಳೆಗಳಿದ್ದವು, ಕಿವಿಗಳಲ್ಲಿ ಓಲೆಗಳಿದ್ದವು. ಬಿಚ್ಚಿಕೊಳ್ಳಲು ಪುರುಸೊತ್ತಿಲ್ಲದ ಸೈನಿಕರು ಕೈಗಳನ್ನೂ ಕಿವಿಗಳನ್ನೂ ಕತ್ತರಿಸಿಕೊಂಡರು. ಇದನ್ನು ಬರೆದಿಟ್ಟವರು ಬರಾವಾದವರಲ್ಲ, ಪೋರ್ಚುಗೀಸ್ ವೃತ್ತಾಂತಕಾರರೇ. ಕೊಳ್ಳೆಯ ಭಾರ ತಾಳದೆ ಒಂದು ದೋಣಿ ಮಗುಚಿ ಅದರಲ್ಲಿದ್ದವರು ಮುಳುಗಿದರೆಂದೂ ಅವರೇ ಬರೆಯುತ್ತಾರೆ. ಕೊನೆಗೆ ಊರಿಗೆ ಬೆಂಕಿ.

ಗ್ರಂಥಾಲಯದ ಮೇಜಿನ ಮುಂದೆ ಈ ಸಾಲುಗಳನ್ನು ಓದಿದಾಗ ನಾವು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಮೂರು ದಿನದ ಹಿಂದೆ ಇದೇ ಊರಿನ ಹೆಣ್ಣಿನ ಕೈಯನ್ನು ಉಳಿಸಲು ನಾವು ಬಳೆಯನ್ನು ಕತ್ತರಿಸಿದ್ದೆವು.

ಆಚೆ ದಡದಿಂದ ಈಚೆ ದಡಕ್ಕೆ

ಬರಾವಾ ಬಿಟ್ಟ ಪಡೆ ಮೊಗದಿಶುವಿನ ಮುಂದೆ ನಿಂತು ನೋಡಿತು. ಅಲ್ಲಿನ ಸಿದ್ಧತೆ ಬಲವಾಗಿತ್ತು, ಗಾಳಿಯ ಕಾಲವೂ ಮುಗಿಯುತ್ತ ಬಂದಿತ್ತು. ಕೈಹಾಕದೆ ಮುಂದೆ ಹೋದರು. ಸೊಕೋತ್ರಾವನ್ನು ಹಿಡಿದು ಕೋಟೆ ಕಟ್ಟಿದರು. ಆದರೆ ಅದರಿಂದ ಪ್ರಯೋಜನ ಕಾಣದೆ 1511ರಲ್ಲಿ ತಾವೇ ಬಿಟ್ಟುಹೋದರು. ದ ಕುನ್ಯಾ ಅಲ್ಲಿಂದ ಭಾರತಕ್ಕೆ ಬಂದು, 1507ರ ಆಗಸ್ಟ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಕಣ್ಣಾನೂರಿನ ಕೋಟೆಯನ್ನು ಬಿಡಿಸಿದ. ಮುಂದೆ 1514ರಲ್ಲಿ ರೋಮಿನಲ್ಲಿ ಪೋಪರ ಮುಂದೆ ಭಾರತದ ಆನೆಯೊಂದನ್ನು ಮೆರವಣಿಗೆ ಮಾಡಿಸಿದ ರಾಯಭಾರಿಯೂ ಇವನೇ. ಯೂರೋಪು ಆನೆಯನ್ನು ನೆನಪಿಟ್ಟುಕೊಂಡಿತು, ಬರಾವಾವನ್ನು ಮರೆಯಿತು.

ಆಲ್ಬುಕರ್ಕ್ ಮಸ್ಕತ್, ಹೊರ್ಮುಜ್‌ಗಳತ್ತ ಹೋದ. ಅವನು ಬರಾವಾದಲ್ಲಿ ಕಲಿತ ಪಾಠ ನಮ್ಮ ಕಡೆಗೂ ಬಂತು. 1510ರ ಆರಂಭದಲ್ಲಿ ಅವನ ಹಡಗುಗಳು ಹೊನ್ನಾವರದ ಹತ್ತಿರ ಬಂದಾಗ ಎದುರುಗೊಂಡವನು ಅಲ್ಲಿನ ನೌಕಾನಾಯಕ ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ಇವನೇ ತಿಮೋಜಾ. 1505ರಲ್ಲಿ ಇದೇ ಪೋರ್ಚುಗೀಸರು ಹೊನ್ನಾವರದ ಹಡಗುಗಳನ್ನು ಸುಟ್ಟಾಗ ರಾಜಿ ಮಾಡಿಕೊಂಡಿದ್ದವನು. "ಬಿಜಾಪುರದವರು ಈಗ ಬಲಗುಂದಿದ್ದಾರೆ, ಗೋವಾ ಹಿಡಿಯಲು ಇದೇ ಸಮಯ" ಎಂಬ ಅರ್ಥದ ಸಲಹೆ ಕೊಟ್ಟವನು ಅವನು. ಗೋವಾ ಸುಲಭವಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಮರಳಿ ಬಂದು ಅಟ್ಟಿತು. ಪೋರ್ಚುಗೀಸರು ಹಡಗು ಹತ್ತಿದರೆ, ಮಾಂಡವಿಯ ಅಳಿವೆ ದಾಟಿ ಹೊರಗೆ ಹೋಗಲು ಮುಂಗಾರು ಬಿಡಲಿಲ್ಲ! ಆಗಸ್ಟ್‌ವರೆಗೆ ನದಿಯಲ್ಲೇ ಸಿಕ್ಕಿಬಿದ್ದು, ಹಸಿವು ತಾಳದೆ ಇಲಿಗಳನ್ನು ತಿಂದರು. ಬರಾವಾದವರು ಕಾದಿದ್ದ ಗಾಳಿ ಮೂರು ವರ್ಷ ತಡವಾಗಿ, ಬೇರೆ ದಡದಲ್ಲಿ ಬಂತೆನ್ನಬೇಕು. ಆದರೂ ಅವರು ಉಳಿದರು. ನವೆಂಬರ್ 25ರಂದು ಗೋವಾ ಮತ್ತೆ ಅವರದಾಯಿತು. ಊರಿನ ಮುಸಲ್ಮಾನರನ್ನು ಗಂಡು ಹೆಣ್ಣು ಮಕ್ಕಳೆನ್ನದೆ ಕೊಲ್ಲಿಸಿದ್ದನ್ನು ಆಲ್ಬುಕರ್ಕ್ ತನ್ನ ದೊರೆಗೆ ತಾನೇ ಪತ್ರ ಬರೆದು ತಿಳಿಸಿದ್ದಾನೆ.

ತಿಮ್ಮಯ್ಯ ನಮ್ಮೂರಿನವನೆಂದು ಚಿಕ್ಕಂದಿನಲ್ಲಿ ನಮಗೆ ಒಂದು ಬಗೆಯ ಹೆಮ್ಮೆಯಿತ್ತು. ಬರಾವಾದ ಕತೆ ಓದಿದ ಮೇಲೆ ಆ ಹೆಮ್ಮೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕಾಯಿತು. ಒಂದು ಊರು ಬಾಗಲಿಲ್ಲ, ಸುಟ್ಟುಹೋಯಿತು. ಇನ್ನೊಂದು ಊರು ಅಕ್ಕಿ ಅಳೆದುಕೊಟ್ಟಿತು. ಮತ್ತೊಂದು ದಾರಿ ತೋರಿಸಿತು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಮಕ್ಕಳು ಮರಿ ಇರುವ ಯಾರೇ ಆದರೂ ಅಕ್ಕಿ ಅಳೆಯುತ್ತಿದ್ದೆವೇನೋ. ಭಟ್ಕಳದವರನ್ನು ಹೇಡಿಗಳೆನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಲೆಕ್ಕ ಪೂರ್ತಿ ಓದಬೇಕು. ಕಪ್ಪ ಬಾಕಿಯ ನೆಪದಲ್ಲಿ 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ದೆ ಸೋಜಾ ಭಟ್ಕಳವನ್ನೂ ಸುಟ್ಟ. ಗೆಳೆಯನಾಗಿದ್ದ ಮಾಲಿಂದಿಯನ್ನು, 1593ರಲ್ಲಿ ಮೊಂಬಾಸಾದಲ್ಲಿ ದೊಡ್ಡ ಕೋಟೆ ಕಟ್ಟತೊಡಗಿದ ಮೇಲೆ ಕೇಳುವವರಿರಲಿಲ್ಲ. ಬಾಗಿದವರೂ ಕೈಹಿಡಿದವರೂ ಕೊನೆಗೆ ಹೆಚ್ಚೇನೂ ಗಳಿಸಲಿಲ್ಲ. ಅವರಿಗೆ ಸಿಕ್ಕಿದ್ದು ಕೆಲವು ವರ್ಷಗಳ ಬಿಡುವು. ಆ ಬಿಡುವಿನಲ್ಲಿ ಒಂದು ತಲೆಮಾರು ಮಕ್ಕಳು ಬೆಳೆದವೆಂಬುದನ್ನೂ ಮರೆಯುವಂತಿಲ್ಲ.

ಮತ್ತೆ ಎದ್ದ ಊರು

ಬರಾವಾವನ್ನು ಸುಟ್ಟವರು ಅಲ್ಲಿ ನಿಲ್ಲಲಿಲ್ಲ. ಒಳನಾಡಿಗೆ ಓಡಿದ್ದ ಜನ ಹಿಂತಿರುಗಿ ಮನೆ ಕಟ್ಟಿಕೊಂಡರು. ಪೋರ್ಚುಗೀಸರ ಕಾಲ ಇಳಿದ ಮೇಲೆ ಅರಬರ ಪ್ರಭಾವ, ಜಾಂಜಿಬಾರಿನ ಸುಲ್ತಾನರು, ಕೊನೆಗೆ ಇಟಲಿಯವರು ಬಂದರು. 1960ರಲ್ಲಿ ಸೋಮಾಲಿಯಾ ಸ್ವತಂತ್ರವಾಯಿತು. ಇಷ್ಟೆಲ್ಲದರ ನಡುವೆ ಈ ಪುಟ್ಟ ಊರು ತನ್ನದೇ ಒಂದು ನುಡಿಯನ್ನು ಉಳಿಸಿಕೊಂಡಿತ್ತು. ಚಿಮ್ವೀನಿ ಎಂದು ಅದರ ಹೆಸರು. ಸ್ವಾಹಿಲಿಯ ಹತ್ತಿರದ ನೆಂಟ. ದಾದಾ ಮಸೀತಿ ಎಂಬ ಸೂಫಿ ಕವಯಿತ್ರಿ ಆ ನುಡಿಯಲ್ಲಿ ಪದಗಳನ್ನು ಹಾಡಿದರು. ಅವರು ತೀರಿಕೊಂಡದ್ದು 1919ರಲ್ಲಿ. ನಾವು ಅಕ್ಕನನ್ನು ನೆನೆಯುವಂತೆ ಬರಾವಾದವರು ಅವರನ್ನು ನೆನೆಯುತ್ತಾರೆ.

1991ರಲ್ಲಿ ಸೋಮಾಲಿಯಾದ ಸರ್ಕಾರ ಕುಸಿದು ಅಂತರ್ಯುದ್ಧ ಹಬ್ಬಿದಾಗ ಬರಾವಾದ ವ್ಯಾಪಾರಿ ಜನರನ್ನು ಕಾಯುವ ಬಂದೂಕುಗಳಿರಲಿಲ್ಲ. ಒಂದು ತಂಡದ ನಂತರ ಇನ್ನೊಂದು ತಂಡ ಬಂದು ಲೂಟಿ ಮಾಡಿತು. ಸಿಕ್ಕ ದೋಣಿ ಹತ್ತಿ ಜನ ಕೀನ್ಯಾದ ಮೊಂಬಾಸಾಕ್ಕೆ ಹೋದರು, ಅಲ್ಲಿಂದ ಇಂಗ್ಲೆಂಡಿಗೆ, ಅಮೆರಿಕಕ್ಕೆ. ಆಮೇಲೆ ಅಲ್‌ಶಬಾಬ್ ಉಗ್ರರು ಊರನ್ನು ಹಿಡಿದುಕೊಂಡು ತಮ್ಮ ನೆಲೆ ಮಾಡಿಕೊಂಡರು. 2014ರ ಅಕ್ಟೋಬರ್‌ನಲ್ಲಿ ಆಫ್ರಿಕನ್ ಒಕ್ಕೂಟದ ಪಡೆ ಮತ್ತು ಸೋಮಾಲಿ ಸೈನ್ಯ ಅವರನ್ನು ಹೊರಗಟ್ಟಿದವು. 1507ರಲ್ಲಿ ಊರು ಸುಟ್ಟಿತು, ಜನ ಮರಳಿದರು. ಈ ಸಲ ಊರು ನಿಂತಿದೆ, ಜನ ಚದುರಿದ್ದಾರೆ. ಚಿಮ್ವೀನಿ ಮಾತಾಡುವವರಲ್ಲಿ ಬಹಳ ಮಂದಿ ಈಗಿರುವುದು ನಮ್ಮ ಹಾಗೆಯೇ ಪರದೇಶದ ಅಪಾರ್ಟ್‌ಮೆಂಟುಗಳಲ್ಲಿ.

ಆರು ವಾರದ ನಂತರ ಪ್ಲಾಸ್ಟರ್ ತೆಗೆಯುವ ದಿನ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಆ ಹೊತ್ತಿಗೆ ಹಳೆಯ ಕದನದ ಬಗ್ಗೆ ಓದಿ ತಲೆ ತುಂಬಿಕೊಂಡಿದ್ದ ನಾವು, ಪೋರ್ಚುಗೀಸರ ಕತೆ ನಿಮಗೆ ಗೊತ್ತೇ ಎಂದು ಕೇಳಿದೆವು. ಬಳೆಯ ವಿಷಯ ಮಾತ್ರ ಎತ್ತಲಿಲ್ಲ. ಅಜ್ಜಿ ಗೊತ್ತಿಲ್ಲವೆಂದರು. ಅವರಿಗೆ ಗೊತ್ತಿದ್ದದ್ದು 1991. ಮನೆಗೆ ನುಗ್ಗಿದವರು ಚಿನ್ನವೆಲ್ಲ ದೋಚಿದ ಮೇಲೆ, ಮಗುವಿನ ಬಟ್ಟೆಯ ಮಡಿಕೆಯಲ್ಲಿ ಹೊಲಿದಿಟ್ಟಿದ್ದ ಒಂದು ಬಳೆ ಮಾತ್ರ ಉಳಿಯಿತಂತೆ. ದೋಣಿಯಲ್ಲಿ ಮೊಂಬಾಸಾ ಸೇರುವವರೆಗೆ ಆ ಮಗುವನ್ನು ಕೆಳಗಿಳಿಸಲಿಲ್ಲವಂತೆ. ಆ ಮಗುವೇ ಈ ಮೊಮ್ಮಗಳ ತಾಯಿ. ಮೊಮ್ಮಗಳು ಇದನ್ನು ಇಂಗ್ಲಿಷಿಗೆ ತರುತ್ತಿದ್ದವಳು ನಡುವೆ ನಿಲ್ಲಿಸಿ, "ಇದನ್ನು ನನಗೆ ಯಾರೂ ಹೇಳಿರಲಿಲ್ಲ" ಎಂದಳು.

ಅಜ್ಜಿ ಕೈ ಚಾಚಿ ತೋರಿಸಿದರು. ಬಳೆಯನ್ನು ಅಕ್ಕಸಾಲಿಗನೊಬ್ಬನಿಂದ ಬೆಸೆಸಿ ಮತ್ತೆ ತೊಟ್ಟಿದ್ದರು. ಬೆಸೆದ ಎರಡು ಜಾಗ ಕಣ್ಣಿಗೆ ಕಾಣುತ್ತಿತ್ತು. ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿದೆವು, ಕೈ ಚೆನ್ನಾಗಿ ಕೂಡಿತ್ತು.

ಬರಾವಾದ ಕದನವನ್ನು ಇವತ್ತು ನಾವು ಓದುವುದು ಸುಟ್ಟವರ ಬರವಣಿಗೆಯಲ್ಲಿ. ಆಲ್ಬುಕರ್ಕನ ಮಗ ತಂದೆಯ ಸಾಹಸಗಳನ್ನು 1557ರಲ್ಲಿ ಗ್ರಂಥವಾಗಿ ಅಚ್ಚು ಹಾಕಿಸಿದ. ಗೋಡೆಯ ಮೇಲೆ ನಿಂತು ಗಾಳಿಗಾಗಿ ಕಾದವರ ಹೆಸರು ಅದರಲ್ಲಿ ಇಲ್ಲ. ನಮ್ಮ ಕೂಟದ ಸಂಚಿಕೆಗೆ ಲೇಖನ ಬೇಡುವ ಸಂಪಾದಕರನ್ನು ಕಂಡರೆ ಇನ್ನು ಮೇಲೆ ನಾವು ತಪ್ಪಿಸಿಕೊಂಡು ಓಡುವುದಿಲ್ಲ. ಓದುಗ ಬಂಧುಗಳೂ ಒಂದು ಕೆಲಸ ಮಾಡಬೇಕು. ಈ ಬೇಸಿಗೆಗೆ ಊರಿನಿಂದ ಅಜ್ಜ ಅಜ್ಜಿ ಬಂದಾಗ ಅವರನ್ನು ನಯಾಗರಕ್ಕೆ ಕರೆದೊಯ್ಯುವ ಮೊದಲು ಒಂದು ಮಧ್ಯಾಹ್ನ ಮಕ್ಕಳ ಪಕ್ಕದಲ್ಲಿ ಕೂರಿಸಿ, ಅವರ ಮಾತಿನಲ್ಲೇ ಅವರ ಕತೆ ಕೇಳಿ, ಬರೆದಿಡಿ. ಮುಂದಿನ ಸಂಚಿಕೆಗೆ ಅದನ್ನು ಕಳಿಸಿ. ಸಕ್ಕರೆ ಕಾಯಿಲೆಯ ಲೇಖನ ಒಂದು ವರ್ಷ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ.